ನಾಲೆಗೆ ನೀರು ಬಿಟ್ಟ ವಾರದ ಗೈರುಹಾಜರಿ: ಕುಲಪತಿಗಳಿಗೂ ಕಾರ್ಖಾನೆ ಮಾಲೀಕರಿಗೂ ಒಂದು ಬಹಿರಂಗ ಪತ್ರ

ಮೈಸೂರು ವಿಶ್ವವಿದ್ಯಾನಿಲಯದ ಮಾನ್ಯ ಕುಲಪತಿಗಳಿಗೆ, ಮತ್ತು ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿ, ಕೂರ್ಗಳ್ಳಿ, ನಂಜನಗೂಡು ಕೈಗಾರಿಕಾ ಪ್ರದೇಶಗಳ ಮಾಲೀಕರಿಗೆ,

ಮಾನ್ಯರೇ,

ನಾನು ಇಲ್ಲಿಯ ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಸೇರಿದಾಗ ನಮ್ಮ ಬಾಗಿಲ ಮೇಲೆ ‘ಪರ್ಸನಲ್ ಡಿಪಾರ್ಟ್‌ಮೆಂಟ್’ ಅಂತ ಬೋರ್ಡಿತ್ತು. ಬಿಡುವ ಹೊತ್ತಿಗೆ ಅದು ‘ಹ್ಯೂಮನ್ ರಿಸೋರ್ಸಸ್’ ಆಗಿತ್ತು. ಕುರ್ಚಿ ಮಾತ್ರ ಅದೇ, ಒಂದು ಕಾಲು ಕುಂಟುತ್ತಿದ್ದದ್ದು. ಕಾರ್ಖಾನೆಯ ಹೆಸರು ಹೇಳುವುದಿಲ್ಲ, ಕಾಲೇಜುಗಳ ಹೆಸರನ್ನೂ ಹೇಳುವುದಿಲ್ಲ. ಯಾಕೆಂದರೆ ಮುಂದೆ ಬರೆಯುವುದರಲ್ಲಿ ದೊಡ್ಡ ಪಾಲಿನ ತಪ್ಪು ನನ್ನದೇ. ಬರೆಯುತ್ತಿರುವುದು, ಕಾರ್ಖಾನೆ, ವಿಶ್ವವಿದ್ಯಾನಿಲಯ ಎರಡೂ ಸೇರಿ ಕಾರ್ಮಿಕರ ಬದುಕಿನ ಬಗ್ಗೆ ನಿಜವಾದ ಸಂಶೋಧನೆ ಮಾಡಲಿ ಎಂದು ಕೇಳಲು.

ಪ್ರತಿ ವರ್ಷ ಬೇಸಿಗೆಗೆ ಮುಂಚೆ ಕಾಲೇಜು ಮಕ್ಕಳು ಪ್ರಾಜೆಕ್ಟಿಗೆಂದು ಬರುತ್ತಿದ್ದರು. ಎಂಬಿಎ, ಎಂಕಾಂ, ಎಂಎಸ್‌ಡಬ್ಲ್ಯು. ಕೈಯಲ್ಲಿ ಕಾಲೇಜಿನ ಪತ್ರ, ಬ್ಯಾಗಿನಲ್ಲಿ ಐದು ಪುಟದ ಪ್ರಶ್ನಾವಳಿಯ ನೂರು ಪ್ರತಿ. ಎಲ್ಲಾ ಇಂಗ್ಲಿಷಿನಲ್ಲಿ. ಒಪ್ಪುತ್ತೇನೆ, ಬಲವಾಗಿ ಒಪ್ಪುತ್ತೇನೆ, ಒಪ್ಪುವುದಿಲ್ಲ ಎಂದು ಐದೈದು ಚೌಕ. ಪ್ರೆಸ್ ಶಾಪಿನಲ್ಲಿ ಎಂಟು ತಾಸು ನಿಂತು ಕಿವಿ ಗುಂಯ್ ಎನ್ನುತ್ತಿರುವಾಗ ಯಾರು ಅದನ್ನು ಓದುತ್ತಾರೆ? ಕ್ಯಾಂಟೀನಿನಲ್ಲಿ ಹಂಚಿದರೆ ನಲವತ್ತು ವಾಪಸು ಬರುತ್ತಿದ್ದವು. ಅವುಗಳಲ್ಲಿ ಕೆಲವಕ್ಕೆ ಸಾಂಬಾರು ಬಿದ್ದಿರುತ್ತಿತ್ತು. ಉಳಿದ ಅರವತ್ತನ್ನು ನಮ್ಮ ಗುಮಾಸ್ತರೂ ಇಬ್ಬರು ಟ್ರೈನಿಗಳೂ ಕೂತು ತುಂಬುತ್ತಿದ್ದರು. ನೀಲಿ ಪೆನ್ನು ಒಬ್ಬರಿಗೆ, ಕಪ್ಪು ಪೆನ್ನು ಇನ್ನೊಬ್ಬರಿಗೆ. ಆ ಉಪಾಯ ಹೇಳಿಕೊಟ್ಟವನು ನಾನು. ಪಾಪ ಮಕ್ಕಳು, ಬಸ್ ಚಾರ್ಜು ಕೊಟ್ಟುಕೊಂಡು ಬಂದಿದ್ದಾರೆ, ಪಾಸಾಗಲಿ ಅನ್ನುವ ಕನಿಕರ. ಕೊನೆಗೆ ಲೆಟರ್‌ಹೆಡ್ಡಿನಲ್ಲಿ ಸರ್ಟಿಫಿಕೇಟು, ನನ್ನ ಸಹಿ, ಸೀಲು.

ವರದಿಗಳು ಚಿನ್ನದ ಅಕ್ಷರದ ರಟ್ಟಿನಲ್ಲಿ ಬೈಂಡಾಗಿ ಬರುತ್ತಿದ್ದವು. ಬಹುಪಾಲು ಕಾರ್ಮಿಕರು ತೃಪ್ತರಾಗಿದ್ದಾರೆ. ಸಲಹೆ: ಕ್ಯಾಂಟೀನ್ ಊಟದ ಗುಣಮಟ್ಟ ಸುಧಾರಿಸಬಹುದು. ಮೂವತ್ತೊಂದು ವರ್ಷದಲ್ಲಿ ಈ ಸಲಹೆ ತಪ್ಪಿದ ವರದಿಯನ್ನು ನಾನು ನೋಡಲಿಲ್ಲ. ಊಟವೂ ಸುಧಾರಿಸಲಿಲ್ಲ.

ಒಂದು ವರ್ಷ ನಾಗಮಂಗಲದ ಕಡೆಯ ಹುಡುಗಿಯೊಬ್ಬಳು ಬಂದಳು. ಅವಳ ಬ್ಯಾಗಿನಲ್ಲೂ ಅದೇ ಪ್ರಶ್ನಾವಳಿ. ಆದರೆ ಅದನ್ನು ತೆಗೆಯುವ ಮೊದಲು ಕೇಳಿದಳು: “ಸರ್, ಹೊಸತೊಡಕಿನ ದಿನ ಎಷ್ಟು ಜನ ಬರಲ್ಲ?”

ಈ ಸೀಮೆಯಲ್ಲಿ ಸಿಬ್ಬಂದಿ ವಿಭಾಗದಲ್ಲಿ ಕೂತವನಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಕೇಳಲಾಗದು. ಯುಗಾದಿಗೆ ಕಾರ್ಖಾನೆ ರಜೆ ಕೊಡುತ್ತದೆ. ಮಾರನೆಯ ದಿನದ ಹೊಸತೊಡಕಿಗೆ ಕೊಡುವುದಿಲ್ಲ. ಬಾಡೂಟ ಇರುವುದು ಮಾರನೆಯ ದಿನ. ನೆಂಟರು ಬರುವುದೂ ಅಂದೇ. ಎಷ್ಟು ಜನ ಬರುವುದಿಲ್ಲ, ಯಾವ ಶಾಪಿನವರು, ಖಾಯಂ ಆದವರೋ ಗುತ್ತಿಗೆಯವರೋ, ಮದ್ದೂರಿನ ಬಸ್ಸಿನವರೋ ಮೈಸೂರಿನೊಳಗಿನವರೋ, ಎಲ್ಲವೂ ನನ್ನ ಬೀರುವಿನ ಮಸ್ಟರ್ ರೋಲಿನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿತ್ತು. ಒಂದು ವಾರ ಟೈಮ್ ಆಫೀಸಿನಲ್ಲಿ ಕೂತು ಹತ್ತು ವರ್ಷದ ಮಸ್ಟರ್ ನೋಡುತ್ತೇನೆ ಅಂದಳು. ‘ಮಸ್ಟರ್ ಕಾನ್ಫಿಡೆನ್ಶಿಯಲ್ ಅಮ್ಮಾ’ ಅಂದೆ. ಆಮೇಲೆ ಅವಳು ಬ್ಯಾಗಿನಿಂದ ಆ ನೂರು ಪ್ರತಿ ತೆಗೆದಳು. ಗುಮಾಸ್ತರು ಪೆನ್ನು ತೆಗೆದರು.

ಕುಲಪತಿಗಳೇ, ಮಾಲೀಕರೇ, ಈ ಪತ್ರ ಅವಳು ಕೇಳಿದ, ನಾನು ಕೊಡದ ಆ ಒಂದು ವಾರದ ಬಗ್ಗೆ.

ಆ ಪ್ರಶ್ನೆ ತಲೆಯಿಂದ ಇಳಿಯಲಿಲ್ಲ. ಮಳೆಗಾಲ ಬಂತು. ನಮ್ಮಲ್ಲಿ ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯಿಂದ ಎರಡು ಬಸ್ಸು ಬರುತ್ತಿದ್ದವು. ಜುಲೈ, ಆಗಸ್ಟಿನಲ್ಲಿ ಒಂದೊಂದು ವಾರ ಇದ್ದಕ್ಕಿದ್ದಂತೆ ಆ ಬಸ್ಸುಗಳು ಅರ್ಧ ಖಾಲಿ. ಸೆಕೆಂಡ್ ಶಿಫ್ಟಿನ ಸೂಪರ್‌ವೈಸರ್ ನನ್ನ ಮುಂದೆ ನಿಂತು ಬಾಯಿಗೆ ಬಂದಂತೆ ಬಯ್ಯುತ್ತಿದ್ದರು. ನಾನು ಶೋಕಾಸ್ ನೋಟಿಸು ಕೊಡುತ್ತಿದ್ದೆ. ಹಾಗೆ ನೋಟಿಸು ಇಸಿದುಕೊಳ್ಳಲು ಬಂದ ಒಬ್ಬ ಹಿರಿಯ ಆಪರೇಟರ್ ಹೇಳಿದ್ದು: “ನೀರ್ ಬುಟ್ಟವ್ರೆ ಸಾ. ನಾಲೆ ಕೊನೇಲಿ ನಮ್ ಗದ್ದೆ. ಈ ಕಟ್ಟಲ್ಲಿ ನಾಟಿ ಮಾಡ್ನಿಲ್ಲ ಅಂದ್ರೆ ಒಟ್ಲು ಬಲ್ತೋಯ್ತದೆ. ನೀವು ಮೆಮೋ ಕೊಡಿ, ಇಸ್ಕತೀನಿ.”

ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಬಿಡುವ ವಿಷಯ ಪೇಪರಿನಲ್ಲಿ ಬರುತ್ತಿತ್ತು. ನಾನು ಓದುತ್ತಲೂ ಇದ್ದೆ, ಒಳಪುಟದಲ್ಲಿ, ಕಾಫಿ ಕುಡಿಯುತ್ತಾ. ಅದಕ್ಕೂ ನನ್ನ ಗೈರುಹಾಜರಿ ಪಟ್ಟಿಗೂ ನಂಟಿದೆ ಎಂದು ಹೊಳೆದಿರಲಿಲ್ಲ. ಮುಂದಿನ ವರ್ಷದಿಂದ ನೀರು ಬಿಡುವ ದಿನಗಳನ್ನು ಡೈರಿಯಲ್ಲಿ ಬರೆದಿಟ್ಟುಕೊಂಡು ಶಿಫ್ಟ್ ಪಟ್ಟಿಯನ್ನು ಅದಕ್ಕೆ ಹೊಂದಿಸಿದೆ. ನಾಲೆ ಬಯಲಿನವರಿಗೆ ಆ ವಾರ ಜನರಲ್ ಶಿಫ್ಟ್ ಬದಲು ರಾತ್ರಿ ಪಾಳಿ, ಇಲ್ಲವೇ ಮೊದಲೇ ಮಾತಾಡಿಕೊಂಡ ರಜೆ. ಬದಲಿಗೆ ಡಿಸೆಂಬರಿನಲ್ಲಿ ಓಟಿ. ಯಾರ ಅನುಮತಿಯನ್ನೂ ಕೇಳಲಿಲ್ಲ.

ಗೈರುಹಾಜರಿ ಕಮ್ಮಿಯಾಯಿತು. ನನ್ನ ಶಿಫ್ಟ್ ಪಟ್ಟಿಯಿಂದ ಕಮ್ಮಿಯಾಯಿತೇ? ಆ ವರ್ಷ ಬೋನಸ್ ಮಾತುಕತೆ ಜಗಳವಿಲ್ಲದೆ ಮುಗಿದಿತ್ತು. ಹಳೆಯ ಸೂಪರ್‌ವೈಸರ್ ನಿವೃತ್ತರಾಗಿ ಸಮಾಧಾನದ ಮನುಷ್ಯರೊಬ್ಬರು ಬಂದಿದ್ದರು. ಮಳೆಯೂ ಬೇಗ ಬಂದಿತ್ತು. ಎಂ.ಡಿ. ಕೇಳಿದಾಗ ನಾನು ಎದೆ ಉಬ್ಬಿಸಿಕೊಂಡು ನನ್ನ ಪಟ್ಟಿಯಿಂದಲೇ ಅಂದೆ. ಮನೆಗೆ ಹೋಗಿ ರಾತ್ರಿ ಯೋಚಿಸಿದರೆ ಅದಕ್ಕೆ ನನ್ನಲ್ಲಿ ಪುರಾವೆಯೇ ಇರಲಿಲ್ಲ. ಎರಡು ಬಸ್ಸಿನಲ್ಲಿ ಒಂದಕ್ಕೆ ಮಾತ್ರ ಹೊಸ ಪಟ್ಟಿ ಹಾಕಿ, ಇನ್ನೊಂದನ್ನು ಹಳೆಯ ರೀತಿಯಲ್ಲೇ ಬಿಟ್ಟು, ಎರಡು ನಾಟಿ ಹಂಗಾಮು ಕಾದು ಲೆಕ್ಕ ಹಾಕಬೇಕಿತ್ತು. ಅದು ನನ್ನಂಥ ಪರ್ಸನಲ್ ಆಫೀಸರಿಗೆ ಗೊತ್ತಿಲ್ಲದ ವಿದ್ಯೆ. ನಿಮ್ಮ ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿ ಗೊತ್ತಿರುವ ವಿದ್ಯೆ. ನಮ್ಮ ಗೇಟಿಗೂ ಅಲ್ಲಿಗೂ ಬೈಕಿನಲ್ಲಿ ಅರ್ಧ ಗಂಟೆ.

ಇದು ಎಲ್ಲೂ ಆಗದ ಕೆಲಸವೇನಲ್ಲ. ಚಿಕಾಗೊ ಪಕ್ಕದ ಹಾಥಾರ್ನ್ ಟೆಲಿಫೋನ್ ಕಾರ್ಖಾನೆಯಲ್ಲಿ 1924ರಲ್ಲಿ, ದೀಪ ಜೋರು ಮಾಡಿದರೆ ಕೆಲಸ ಜೋರಾಗುತ್ತದೆಯೇ ಎಂದು ನೋಡಲು ಶುರುಮಾಡಿದ್ದು 1932ರವರೆಗೂ ಎಳೆಯಿತು. ಹಾರ್ವರ್ಡಿನವರು ನಡುವೆ ಸೇರಿಕೊಂಡರು. ದೀಪದ ಲೆಕ್ಕ ಕೈಗೆ ಹತ್ತಲಿಲ್ಲ; ಮನುಷ್ಯರ ಲೆಕ್ಕ ಹತ್ತಿತು. ನಮ್ಮ ಎಚ್‌ಆರ್ ಪುಸ್ತಕಗಳು ಇವತ್ತಿಗೂ ಅಲ್ಲಿಂದಲೇ ಶುರು.

ನಮ್ಮ ದೇಶದ್ದೇ ಬೇಕೆಂದರೆ, 1970ರ ದಶಕದ ಮಧ್ಯದಲ್ಲಿ ಎಲ್ ಅಂಡ್ ಟಿ ಕಂಪನಿ ನೌಕರರ ಕೆಲಸ ಅಳೆಯುವ ತನ್ನ ಅಪ್ರೈಸಲ್ ಪದ್ಧತಿ ನೋಡಿಕೊಡಿ ಎಂದು ಅಹಮದಾಬಾದಿನ ಐಐಎಂ ಪ್ರಾಧ್ಯಾಪಕರಾದ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಅವರನ್ನು ಕರೆಯಿತು. ಅವರು ನೋಡಿದ ಮೇಲೆ ಹೇಳಿದ್ದು, ಫಾರಂ ತಿದ್ದಿದರೆ ಸಾಲದು, ಜನರ ಬೆಳವಣಿಗೆಗೆಂದೇ ಬೇರೆ ವ್ಯವಸ್ಥೆ ಕಟ್ಟಿ ಎಂದು. ಕಂಪನಿ ಕಟ್ಟಿತು. ಇವತ್ತು ಊರೂರಿನ ಕಂಪನಿಗಳಲ್ಲಿರುವ ಎಚ್‌ಆರ್‌ಡಿ (ಮಾನವ ಸಂಪನ್ಮೂಲ ಅಭಿವೃದ್ಧಿ) ವಿಭಾಗಗಳ ಬೇರು ಹುಡುಕಿದರೆ ಅಲ್ಲಿಗೆ ಹೋಗುತ್ತದೆ. ಕಂಪನಿ ಕೇಳಿದ್ದು ಒಂದು, ಪ್ರಾಧ್ಯಾಪಕರು ಕೊಟ್ಟದ್ದು ಇನ್ನೊಂದು. ಹಾಗೆ ಕೊಡುವ ಧೈರ್ಯ ಅವರಿಗಿತ್ತು, ಕೇಳಿಸಿಕೊಳ್ಳುವ ವ್ಯವಧಾನ ಇವರಿಗಿತ್ತು.

ಇನ್ನು ತೀರಾ ಮನೆಯ ಪಕ್ಕದ್ದು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದಾಗ ಹೊಲಿಗೆ ಸಾಲಿನ ಶಾಖ ತಗ್ಗಿ, ಸೆಕೆಯ ದಿನಗಳಲ್ಲಿ ಕೆಲಸ ಚುರುಕಾದದ್ದನ್ನು ಅಂಕಿಅಂಶ ಸಮೇತ ತೋರಿಸಿದ್ದಾರೆ. ಹಾಥಾರ್ನ್‌ನ ದೀಪ ನೂರು ವರ್ಷ ಸುತ್ತಿ ಬೆಂಗಳೂರಿಗೆ ಬಂದಂತಾಯಿತು. ಇನ್ನೊಂದು ಅಧ್ಯಯನ ನನ್ನ ಮನಸ್ಸಿಗೆ ಹೆಚ್ಚು ನಾಟಿತು. ಸಂಬಳ ಏರಿಕೆ ಹೆಣ್ಣುಮಕ್ಕಳು ಅಂದುಕೊಂಡಷ್ಟು ಬರಲಿಲ್ಲ. ಆಗ ಚೀಟಿ ಎತ್ತಿದಂತೆ ಕೆಲವರನ್ನು ಆರಿಸಿ, ನಿಮಗೆ ಏನನ್ನಿಸುತ್ತದೆ ಹೇಳಿ ಎಂದು ಕೇಳಿದರು. ಸಂಬಳ ಒಂದು ರೂಪಾಯಿಯೂ ಜಾಸ್ತಿಯಾಗಲಿಲ್ಲ. ಆದರೂ ಹೀಗೆ ಹೇಳಿಕೊಳ್ಳಲು ಅವಕಾಶ ಸಿಕ್ಕವರಲ್ಲಿ ಕೆಲಸ ಬಿಟ್ಟವರು ಕಮ್ಮಿ, ಗೈರಾದವರೂ ಕಮ್ಮಿ. ತುಂಬ ನಿರಾಸೆಯಾಗಿದ್ದವರಲ್ಲೇ ಈ ವ್ಯತ್ಯಾಸ ಎದ್ದು ಕಂಡದ್ದು. ಇದನ್ನು ಸಂಬಳ ಕೊಡದಿರಲು ಉಪಾಯ ಎಂದು ಓದುವ ಮಾಲೀಕರೂ ಇರುತ್ತಾರೆ, ನನಗೆ ಗೊತ್ತು. ಆ ಓದು ತಪ್ಪು. ನಾವು ಎಚ್‌ಆರ್‌ನವರು ಸಂಬಳದ ಸುದ್ದಿ ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದೆವಲ್ಲ, ಆ ಬಾಗಿಲಿಗೆ ಎಷ್ಟು ಬೆಲೆ ತೆರುತ್ತಿದ್ದೆವು ಎಂದು ಅದು ತೋರಿಸುತ್ತದೆ.

ಬೆಂಗಳೂರಿನ ಈ ಎರಡು ಅಧ್ಯಯನಗಳನ್ನು ಮಾಡಿದವರು ಅಮೆರಿಕದ ವಿಶ್ವವಿದ್ಯಾನಿಲಯಗಳ ಪ್ರಾಧ್ಯಾಪಕರು. ಅವರ ಬಗ್ಗೆ ನನಗೆ ಅಸೂಯೆ ಇಲ್ಲ, ಗೌರವವಿದೆ. ಆದರೆ ಮಂಡ್ಯದ ಹೆಣ್ಣುಮಗಳು ಯಾಕೆ ಲೈನ್ ಬಿಟ್ಟು ಹೋದಳು ಎಂದು ಕೇಳಲು ಅಷ್ಟು ದೂರದಿಂದ ವಿಮಾನ ಹತ್ತಿ ಬರಬೇಕಾಯಿತಲ್ಲ, ಅವಳ ಮಾತು ದುಭಾಷಿಯಿಲ್ಲದೆ ಅರ್ಥವಾಗುವ ನಮ್ಮ ಪಿಎಚ್‌ಡಿ ಮಕ್ಕಳು ಇಲ್ಲೇ ಪ್ರಶ್ನಾವಳಿ ಜೆರಾಕ್ಸ್ ಮಾಡಿಸುತ್ತಿದ್ದಾಗ, ಇದಕ್ಕೆ ಹೊಟ್ಟೆ ಉರಿಯುತ್ತದೆ.

ಯಾಕೆ ಹೀಗೆ ಎಂದರೆ, ಎರಡೂ ಕಡೆಯಿಂದ.

ವಿದ್ಯಾಸಂಸ್ಥೆಗಳ ಕಡೆಯಿಂದ ಎಂಓಯು, ಅಂದರೆ ಒಡಂಬಡಿಕೆ ಪತ್ರ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮಾನ್ಯತೆಯಲ್ಲಿ ಎಷ್ಟು ಒಡಂಬಡಿಕೆ ಚಾಲ್ತಿಯಲ್ಲಿವೆ ಎಂದು ಎಣಿಸುತ್ತಾ ಬಂದಿದ್ದಾರೆ. ಎಣಿಸಿದ್ದು ಬೆಳೆಯುತ್ತದೆ. ನಾನೇ ಅಂಥ ಕೆಲವು ಸಮಾರಂಭಗಳಲ್ಲಿ ಮೈಸೂರು ಪೇಟ ತೊಡಿಸಿಕೊಂಡು, ಗಂಧದ ಹಾರ ಹಾಕಿಸಿಕೊಂಡು, ಕಡತ ಅದಲುಬದಲು ಮಾಡಿಕೊಂಡು ಫೋಟೋಗೆ ನಿಂತಿದ್ದೇನೆ. ಪೇಟಗಳು ಈಗಲೂ ಅಟ್ಟದ ಮೇಲಿವೆ. ಅದರ ಮೇಲೆ ಕೈಗಾರಿಕಾ ಭೇಟಿ ಒಂದು, ಅತಿಥಿ ಉಪನ್ಯಾಸ ಒಂದು. ಮುಗಿಯಿತು.

ಮಾಲೀಕರ ಕಡೆಯಿಂದ ಭಯ. ಮಸ್ಟರ್ ಹೊರಗೆ ಹೋದರೆ ಲೇಬರ್ ಇನ್‌ಸ್ಪೆಕ್ಟರ್ ಕೈಗೆ ಸಿಕ್ಕೀತು, ಗುತ್ತಿಗೆಯವರ ಲೆಕ್ಕ ಯೂನಿಯನ್ನಿಗೆ ಗೊತ್ತಾದೀತು, ಪಕ್ಕದ ಕಾರ್ಖಾನೆಗೆ ನಮ್ಮ ಸಂಬಳ ತಿಳಿದೀತು. ಹುಡುಗಿಗೆ ನಾನು ‘ಕಾನ್ಫಿಡೆನ್ಶಿಯಲ್’ ಅಂದದ್ದೂ ಈ ಭಯದಿಂದಲೇ. ಮುಚ್ಚಿಡಲು ಏನೂ ಇಲ್ಲದವನಿಗೂ ಮುಚ್ಚಿಡುವುದು ಅಭ್ಯಾಸವಾಗಿಬಿಡುತ್ತದೆ.

ದುಡ್ಡಿನ ವಿಷಯ. ಕೆಲವರು ಸಿಎಸ್‌ಆರ್‌ನಿಂದ, ಅಂದರೆ ಕಂಪನಿಗಳು ಸಮಾಜಕ್ಕೆಂದು ತೆಗೆದಿಡುವ ಹಣದಿಂದ, ಕೊಡುತ್ತೇವೆ ಅನ್ನುತ್ತಾರೆ. 2013ರ ಕಂಪನಿ ಕಾಯ್ದೆಯ ಏಳನೇ ಶೆಡ್ಯೂಲನ್ನು ತೆರೆದು ನೋಡಿ. ವಿಶ್ವವಿದ್ಯಾನಿಲಯಗಳ ಸಂಶೋಧನೆಗೆ ಕೊಡುವ ವಂತಿಗೆ ಎಂದಲ್ಲಿ ಅದು ಹೆಸರಿಸುವುದು ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯ. ಮನುಷ್ಯರು ಕೆಲಸ ಮಾಡುವ ರೀತಿಯ ಅಧ್ಯಯನ ಆ ನಾಲ್ಕರಲ್ಲಿ ಬರುವುದಿಲ್ಲ. ತಮ್ಮ ಸ್ವಂತ ನೌಕರರಿಗಷ್ಟೇ ಲಾಭವಾಗುವ ಕೆಲಸವನ್ನಂತೂ ಸಿಎಸ್‌ಆರ್ ಲೆಕ್ಕಕ್ಕೆ ಹಿಡಿಯುವಂತೆಯೇ ಇಲ್ಲ. ಇದು ನನಗೆ ಒಳ್ಳೆಯದೇ ಅನ್ನಿಸುತ್ತದೆ. ಧರ್ಮಕ್ಕೆ ಕೊಟ್ಟ ಹಸುವಿನ ಹಲ್ಲು ಯಾರೂ ಎಣಿಸುವುದಿಲ್ಲ. ಜೇಬಿನಿಂದ ಕೊಟ್ಟವನು ಏನು ಸಿಕ್ಕಿತು ಎಂದು ಕೇಳಿಯೇ ಕೇಳುತ್ತಾನೆ. ಲೆಕ್ಕ ಹಾಕಿ: ಸಂಶೋಧನಾ ವಿದ್ಯಾರ್ಥಿಗಳಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕೊಡುವ ಜೆಆರ್‌ಎಫ್ ಫೆಲೋಶಿಪ್ ಈಗ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000. ಆ ದರದಲ್ಲಿ ಒಬ್ಬ ಸಂಶೋಧನಾ ವಿದ್ಯಾರ್ಥಿಗೆ ಮೂರು ವರ್ಷಕ್ಕೆ 14 ಲಕ್ಷ ಮುಟ್ಟುವುದಿಲ್ಲ. ಒಂದು ಹೊಸ ಸಿಎನ್‌ಸಿ ಯಂತ್ರ ತರಿಸುವಾಗ ಇಷ್ಟು ದುಡ್ಡಿಗೆ ನೀವು ಎರಡು ಸಲ ಯೋಚಿಸುವುದಿಲ್ಲ. ಕೂರ್ಗಳ್ಳಿಯ ಸಣ್ಣ ಘಟಕಗಳು ಆರೇಳು ಜನ ಸೇರಿದರೆ ತಲೆಗೆ ವರ್ಷಕ್ಕೆ ಬೀಳುವುದು ಆಯುಧಪೂಜೆಯ ಖರ್ಚು.

ನಾನು ಕೇಳುವ ಒಡಂಬಡಿಕೆ ಇಷ್ಟೇ. ಪ್ರಶ್ನೆ ಒಂದೇ ಇರಲಿ, ಅದು ಶಾಪ್‌ಫ್ಲೋರಿನಿಂದ ಬರಲಿ, ಮೂರು ವರ್ಷ ಅದರ ಬೆನ್ನು ಬೀಳಿ. ವಿದ್ಯಾರ್ಥಿಗೆ ಗೇಟ್ ಪಾಸ್ ಕೊಡಿ, ಸುರಕ್ಷತೆಯ ಶೂ ಕೊಡಿ, ಮೂರೂ ಪಾಳಿಯಲ್ಲಿ ಕೂರಲು ಬಿಡಿ. ಮಸ್ಟರಿನಿಂದ ಹೆಸರು ಅಳಿಸಿ, ಸಂಖ್ಯೆ ಹಾಕಿ ಕೊಡಿ. ಯಾವ ಸಂಖ್ಯೆ ಯಾರದೆಂಬ ಪಟ್ಟಿ ನಿಮ್ಮ ಬೀರುವಿನಲ್ಲೇ ಇರಲಿ. ಅದೇ ರೀತಿ ಕಾರ್ಮಿಕರು ಸಂಶೋಧಕರಿಗೆ ಹೇಳಿದ್ದು ಯಾರ ಮಾತೆಂದು ಮ್ಯಾನೇಜರಿಗೆ ಯಾವತ್ತೂ ತಿಳಿಯಬಾರದು. ಇದು ಸಡಿಲವಾದರೆ ಉಳಿದದ್ದೆಲ್ಲ ವ್ಯರ್ಥ, ಒಂದೇ ಒಂದು ವರ್ಗಾವಣೆ ಸಾಕು ಇಡೀ ಶಾಪಿನ ಬಾಯಿ ಮುಚ್ಚಿಸಲು. ಫಲಿತಾಂಶ ಪ್ರಕಟಿಸುವ ಮುನ್ನ ಕಂಪನಿ ಎರಡು ತಿಂಗಳು ಓದಲಿ, ವ್ಯಾಪಾರದ ಗುಟ್ಟಿದ್ದರೆ ತೆಗೆಸಲಿ. ತನಗೆ ಹಿಡಿಸದ ಫಲಿತಾಂಶ ಎಂದು ತಡೆಯುವ ಹಕ್ಕು ಮಾತ್ರ ಬೇಡ.

ಕಾರ್ಮಿಕರ ಪ್ರತಿನಿಧಿ ಆ ಮೇಜಿನಲ್ಲಿ ಕೂರಬೇಕು. ಆಡಳಿತ ಮಂಡಳಿ, ವಿಶ್ವವಿದ್ಯಾನಿಲಯ ಇಬ್ಬರೇ ಸಹಿ ಹಾಕಿದ ಕಾಗದವನ್ನು ಕಾರ್ಮಿಕ ಅನುಮಾನದಿಂದಲೇ ನೋಡುತ್ತಾನೆ, ನೋಡಬೇಕಾದ್ದೂ ಹಾಗೇ. ಕೊನೆಗೆ ಫಲಿತಾಂಶದ ಎರಡು ಪುಟದ ಸಾರ ಕನ್ನಡದಲ್ಲಿ ಕ್ಯಾಂಟೀನಿನ ನೋಟಿಸ್ ಬೋರ್ಡಿಗೆ ಬರಲಿ. ಗಾಜಿನ ಬೀರುವಿಗೆ ಹೋಗುವ ಪ್ರಬಂಧ ಯಾವ ಭಾಷೆಯಲ್ಲಾದರೂ ಇರಲಿ.

ಕುಲಪತಿಗಳೇ, ನಿಮ್ಮಲ್ಲಿ ಬಿ.ಎನ್. ಬಹದ್ದೂರ್ ಮ್ಯಾನೇಜ್‌ಮೆಂಟ್ ವಿಜ್ಞಾನ ಸಂಸ್ಥೆ ಇದೆ, ವಾಣಿಜ್ಯ ವಿಭಾಗವಿದೆ, ಸಮಾಜಕಾರ್ಯವಿದೆ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ಇವೆ. ನನ್ನ ನಾಲೆಯ ಪ್ರಶ್ನೆಗೆ ಈ ಐದೂ ಜನ ಬೇಕು. ಒಬ್ಬರೇ ಗೈಡಿನ ಕೈಕೆಳಗೆ ಅದು ಮತ್ತೆ ಪ್ರಶ್ನಾವಳಿಯೇ ಆಗುತ್ತದೆ. 2022ರಲ್ಲಿ ಯುಜಿಸಿ ಕೈಗಾರಿಕೆ ಅನುಭವಿಗಳನ್ನು ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂದು ತೆಗೆದುಕೊಳ್ಳಲು ದಾರಿ ಮಾಡಿತು, ಮಂಜೂರಾದ ಹುದ್ದೆಗಳ ಶೇ 10ರವರೆಗೆ. ಮೆಟ್ಟಿಲು ಹತ್ತಲಾಗದ ನನ್ನ ಮಂಡಿಗಳಿಗೆ ಅದು ಬೇಡ. ಆದರೆ ಎಂ.ಡಿ.ಗಳನ್ನೇ ಕರೆಯಬೇಡಿ. ಟೈಮ್ ಆಫೀಸಿನಲ್ಲಿ ಬೆಳೆದವರನ್ನು ಕರೆಯಿರಿ, ಯೂನಿಯನ್ ಕಾರ್ಯದರ್ಶಿಯಾಗಿದ್ದವರನ್ನು ಕರೆಯಿರಿ.

ಈಗಲೇ ಯಾಕೆ ಎಂದರೆ ಹದ ಬಂದಿದೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ನಾನು ಬಾಯಿಪಾಠ ಮಾಡಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆ, 1948ರ ಕಾರ್ಖಾನೆ ಕಾಯ್ದೆ ಎಲ್ಲವನ್ನೂ ಅವು ನುಂಗಿಕೊಂಡಿವೆ. ಲೇಆಫ್ (ತಾತ್ಕಾಲಿಕವಾಗಿ ಕೆಲಸ ಕೊಡದಿರುವುದು), ರಿಟ್ರೆಂಚ್‌ಮೆಂಟಿಗೆ (ಕೆಲಸದಿಂದ ತೆಗೆಯುವುದು) ಸರ್ಕಾರದ ಪೂರ್ವಾನುಮತಿ ಬೇಕಾಗುತ್ತಿದ್ದದ್ದು 100 ಜನರಿದ್ದ ಕಾರ್ಖಾನೆಗೆ, ಇನ್ನು 300. ನಿಶ್ಚಿತ ಅವಧಿಯ ನೌಕರನಿಗೆ ಒಂದು ವರ್ಷಕ್ಕೇ ಗ್ರಾಚ್ಯುಯಿಟಿ. 100ಕ್ಕೂ 300ಕ್ಕೂ ನಡುವಿನ ಕಾರ್ಖಾನೆಗಳಲ್ಲಿ ಏನಾಗುತ್ತದೆ? ಗುತ್ತಿಗೆಯವರು ನಿಶ್ಚಿತ ಅವಧಿಗೆ ಬರುತ್ತಾರೋ, ಖಾಯಂನವರು ಅಲ್ಲಿಗೆ ಇಳಿಯುತ್ತಾರೋ? ಮೊದಲು ಹೇಗಿತ್ತು ಎಂಬ ಮಸ್ಟರು ಈಗ ಬೀರುವಿನಲ್ಲಿದೆ. ಐದು ವರ್ಷ ಕಳೆದರೆ ಗುಜರಿಯವನ ಪಾಲು.

ಹಾಗೇ ಮುಟ್ಟಿನ ರಜೆ. ವರ್ಷಕ್ಕೆ 12 ದಿನ, ಸಂಬಳಸಹಿತ, ರಾಜ್ಯ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿದ್ದು. ಗೆಜ್ಜಲಗೆರೆ, ಮದ್ದೂರಿನ ಕಡೆ ಹೊಲಿಗೆ ಲೈನಿನಲ್ಲಿ ಕೂತ ಹೆಂಗಸು ಗಂಡಸು ಸೂಪರ್‌ವೈಸರ್ ಮುಂದೆ ನಿಂತು ಅದನ್ನು ಕೇಳುತ್ತಾಳೆಯೇ? ಬಾಯಿಬಿಟ್ಟು ಕೇಳುವುದರ ಬದಲು ಒಂದು ಬಟನ್ ಒತ್ತುವಂತಿದ್ದರೆ ಕೇಳುತ್ತಾಳೆಯೇ? ಎರಡು ಲೈನು, ಎರಡು ರೀತಿ, ಆರು ತಿಂಗಳು. ಒಳ್ಳೆಯ ಎಂಬಿಎ ಪ್ರಾಜೆಕ್ಟಿಗೆ ಇದಕ್ಕಿಂತ ಏನು ಬೇಕು?

ಇನ್ನೊಂದು, ಸಂಶೋಧನೆಗಿಂತ ನನ್ನ ಸಂಕಟ. ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1996ರಲ್ಲಿ ನಿಂತಿತು. ಜುಲೈ ಎರಡನೇ ಭಾನುವಾರ ಜಾವಾ ದಿನವೆಂದು ಆ ಬೈಕುಗಳು ಮಿರಮಿರ ಮಿಂಚುತ್ತಾ ರಸ್ತೆಗಿಳಿಯುತ್ತವೆ, ನೋಡಲು ಚೆಂದ. ಅವನ್ನು ಜೋಡಿಸಿದ ಕೈಗಳು ಆಮೇಲೆ ಏನು ಮಾಡಿದವು? ಯಾರು ಗ್ಯಾರೇಜು ತೆರೆದರು, ಯಾರು ಸೆಕ್ಯೂರಿಟಿ ಗಾರ್ಡಾದರು, ಯಾರ ಮಕ್ಕಳು ಓದು ಬಿಟ್ಟರು? ಅವರಲ್ಲಿ ಬಹಳ ಮಂದಿಗೆ ಈಗ ಎಪ್ಪತ್ತು ದಾಟಿದೆ. ಒಂದು ಟೇಪ್ ರೆಕಾರ್ಡರ್, ತಾಳ್ಮೆ ಇರುವ ಇಬ್ಬರು ವಿದ್ಯಾರ್ಥಿಗಳು ಸಾಕು. ಇದಕ್ಕೆ ಯಾವ ಕಂಪನಿಯ ಅನುಮತಿಯೂ ಬೇಡ.

ನನ್ನ ಬಳಿ ಹನ್ನೊಂದು ಡೈರಿಗಳಿವೆ. ನಾಲೆಗೆ ನೀರು ಬಿಟ್ಟ ದಿನ, ನಿಲ್ಲಿಸಿದ ದಿನ, ಎರಡೂ ಬಸ್ಸಿನಲ್ಲಿ ಬಂದವರ ತಲೆ ಎಣಿಕೆ, ಹೊಸತೊಡಕು, ಪಿತೃಪಕ್ಷ, ಊರಹಬ್ಬ. ಯಾರ ಹೆಸರೂ ಇಲ್ಲ, ಬರೀ ಅಂಕಿ. ಕೆಲವು ಪುಟದಲ್ಲಿ ಹಾಲಿನ ಲೆಕ್ಕವೂ ಸೇರಿಕೊಂಡಿದೆ, ಅದನ್ನು ಬಿಟ್ಟು ಓದಬೇಕು. ಓದಲು ಒಬ್ಬ ವಿದ್ಯಾರ್ಥಿಯನ್ನು ಕಳುಹಿಸಿ. ದಿನಾ ಬೆಳಿಗ್ಗೆ ಆರೂವರೆಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ, ಗಂಗೋತ್ರಿ ಕಡೆಯ ಬೆಂಚಿನಲ್ಲಿ ಕೂತಿರುತ್ತೇನೆ. ಪ್ರಶ್ನಾವಳಿ ತಂದರೆ ಮಾತ್ರ ಎದ್ದು ಹೋಗುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ನಿವೃತ್ತ ಪರ್ಸನಲ್ ಆಫೀಸರ್
ಸರಸ್ವತಿಪುರಂ, ಮೈಸೂರು